ಸಿಲಬಸ್ಸಿನ ಊರು, ಸಿಲಬಸ್ಸಿನ ಕೇರಿ

೧

ನಮ್ಮ ಪತ್ರಿಕೆಗಳಲ್ಲಿ ಕವಿತೆಗೆ ವಿಮರ್ಶೆ ಉಂಟು, ಕತೆಗೆ ಉಂಟು, ಕಾದಂಬರಿ ಬಂದರೆ ಮೂರು ಸಂಚಿಕೆ ಜಗಳವೂ ಉಂಟು. ಆದರೆ ನಮ್ಮ ಕೇರಿ, ಹಟ್ಟಿ, ಹಾಡಿಗಳಿಂದ ಮೊದಲ ಸಲ ಡಿಗ್ರಿ ದಾಟಿ ಬಂದ ಹುಡುಗ ಹುಡುಗಿಯರು ಇವತ್ತು ದಿನಕ್ಕೆ ಹತ್ತು ಗಂಟೆ ಕೂತು ಓದುತ್ತಿರುವುದು ಕವಿತೆಯನ್ನಲ್ಲ, ಕಾದಂಬರಿಯನ್ನೂ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡನ್ನು. ಯಾವುದಾದರೂ ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ ನೋಡಿ. ಸಾಹಿತ್ಯದ ಕಪಾಟಿನ ಮುಂದೆ ಧೂಳು. ಗೈಡುಗಳ ಮೇಜಿನ ಮುಂದೆ ಕುರ್ಚಿ ಸಿಗೋದಿಲ್ಲ. ಇದನ್ನು ಕಂಡು ನಮ್ಮ ಹಿರಿಯ ಗೆಳೆಯರು ಹಲುಬುತ್ತಾರೆ. ನಾವು ಹಲುಬುವುದಿಲ್ಲ. ಅಲ್ಲಿ ಹೊಟ್ಟೆಯ ಪ್ರಶ್ನೆ ಇದೆ, ಮರ್ಯಾದೆಯ ಪ್ರಶ್ನೆ ಇದೆ. ಅಪ್ಪ ಕೈಕಟ್ಟಿ ನಿಂತ ತಾಲ್ಲೂಕು ಕಚೇರಿಯಲ್ಲಿ ಮಗಳು ಕುರ್ಚಿಯ ಮೇಲೆ ಕೂರಬೇಕು ಅನ್ನುವ ಆಸೆ ಸಣ್ಣದಲ್ಲ. ಆದರೆ ಇಷ್ಟು ಜನ ಇಷ್ಟು ಭಕ್ತಿಯಿಂದ ಓದುವ ಗದ್ಯವನ್ನು ವಿಮರ್ಶೆಗೆ ಒಡ್ಡದೆ ಬಿಟ್ಟಿದ್ದೀವಲ್ಲ, ಇದು ಹ್ಯಾಗೆ? ವೇದವನ್ನು ಪ್ರಶ್ನಿಸಿದ ನಾವು ಗೈಡನ್ನು ಪ್ರಶ್ನಿಸಬಾರದೆ?

ಇಲ್ಲಿ ನಾವು ಎತ್ತಿಕೊಂಡಿರುವುದು ಗೈಡಿನ ಒಂದು ಭಾಗವನ್ನು ಮಾತ್ರ. ಪರಿಸರ ಆಡಳಿತ ಮತ್ತು ಅದನ್ನು ನಡೆಸುವ ಸಾರ್ವಜನಿಕ ಸಂಸ್ಥೆಗಳು. ಯಾವ ಪ್ರಕಾಶಕನ ಹೆಸರನ್ನೂ ಹೇಳುತ್ತಿಲ್ಲ. ಒಂದನ್ನು ನೋಡಿ ಇನ್ನೊಂದು ಅಚ್ಚಾಗುವ ಈ ಪುಸ್ತಕಗಳಲ್ಲಿ ಹೆಸರಿಗೆ ಅರ್ಥವಿಲ್ಲ. ಇದೇ ಭಾಗ ಯಾಕೆ ಅಂದರೆ, ನೀರು, ನೆಲ, ಕಾಡು, ಕೊಳಚೆ ಈ ನಾಲ್ಕರ ಜೊತೆ ನಮ್ಮ ಜನರಷ್ಟು ಹತ್ತಿರದಿಂದ ಬದುಕಿದವರು ಕಡಿಮೆ. ಈ ನಾಲ್ಕರ ಬಗ್ಗೆ ತೀರ್ಮಾನ ಮಾಡುವ ಮೇಜಿನಿಂದ ನಮ್ಮ ಜನರಷ್ಟು ದೂರ ಇಡಲ್ಪಟ್ಟವರೂ ಕಡಿಮೆ.

ಗೈಡು ಏನು ಹೇಳುತ್ತದೆ? ೧೯೭೨ ಸ್ಟಾಕ್‌ಹೋಮ್ ಸಮ್ಮೇಳನ, ಅದೇ ವರ್ಷ ವನ್ಯಜೀವಿ ಕಾಯ್ದೆ. ೧೯೭೪ ಜಲ ಕಾಯ್ದೆ. ೧೯೭೬ರಲ್ಲಿ ೪೨ನೇ ತಿದ್ದುಪಡಿ. ಅದರಿಂದ ೪೮-ಎ, ೫೧-ಎ ವಿಧಿಗಳು. ೧೯೮೦ ಅರಣ್ಯ ಸಂರಕ್ಷಣೆ. ೧೯೮೧ ವಾಯು. ೧೯೮೪ ಭೋಪಾಲ, ೧೯೮೬ ಪರಿಸರ ಸಂರಕ್ಷಣಾ ಕಾಯ್ದೆ. ೨೦೦೨ ಜೀವವೈವಿಧ್ಯ. ೨೦೦೬ ಅರಣ್ಯ ಹಕ್ಕು. ೨೦೧೦ ಹಸಿರು ನ್ಯಾಯಮಂಡಳಿ. ಇದರಲ್ಲಿ ತಪ್ಪಿಲ್ಲ. ಇಸವಿಗಳು ಸರಿಯಾಗಿವೆ, ವಿಧಿಗಳು ಸರಿಯಾಗಿವೆ. ಕಲಿಯಲೇಬೇಕು. ನಮ್ಮ ತಕರಾರು ಗೈಡು ಹೇಳುವುದರ ಬಗ್ಗೆ ಅಲ್ಲ, ಹೇಳಿದ್ದನ್ನು ಎಲ್ಲಿ ಇಡುತ್ತದೆ, ಯಾವುದನ್ನು ಯಾವುದರಿಂದ ದೂರ ಇಡುತ್ತದೆ ಅನ್ನುವುದರ ಬಗ್ಗೆ. ಊರಲ್ಲಿ ಮನೆಗಳನ್ನು ಹ್ಯಾಗೆ ಜೋಡಿಸಿದ್ದಾರೆ ಅಂತ ನೋಡಿಯೇ ಅಲ್ಲವೆ ನಮಗೆ ಊರು ಅರ್ಥವಾಗಿದ್ದು?

೨

೨೦೧೮ರ ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮ್ಸ್‌ನಲ್ಲಿ ಒಂದು ಪ್ರಶ್ನೆ ಬಂತು. ಹಸಿರು ನ್ಯಾಯಮಂಡಳಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ವ್ಯತ್ಯಾಸ ಏನು ಅಂತ. ಎರಡು ಹೇಳಿಕೆ ಕೊಟ್ಟಿದ್ದರು. ಒಂದು: ನ್ಯಾಯಮಂಡಳಿ ಕಾಯ್ದೆಯಿಂದ ಹುಟ್ಟಿತು, ಮಂಡಳಿ ಸರ್ಕಾರದ ಬರೀ ಆದೇಶದಿಂದ ಹುಟ್ಟಿತು. ಎರಡು: ನ್ಯಾಯಮಂಡಳಿ ಪರಿಸರದ ವ್ಯಾಜ್ಯ ತೀರಿಸಿ ಮೇಲಿನ ಕೋರ್ಟುಗಳ ಹೊರೆ ಇಳಿಸುತ್ತದೆ, ಮಂಡಳಿ ಹೊಳೆ ಮತ್ತು ಬಾವಿಗಳ ಸ್ವಚ್ಛತೆಗಾಗಿ ಕೆಲಸ ಮಾಡುತ್ತದೆ. ಮೊದಲನೆಯದು ಸುಳ್ಳು, ಮಂಡಳಿ ಹುಟ್ಟಿದ್ದು ೧೯೭೪ರ ಜಲ ಕಾಯ್ದೆಯಿಂದ. ಎರಡನೆಯದು ನಿಜ. ಇದನ್ನು ಈಗ ಹಾಸ್ಟೆಲ್ಲುಗಳಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ.

ಆದರೆ 'ಬಾವಿಗಳ ಸ್ವಚ್ಛತೆ' ಅನ್ನುವ ಮಾತಿನ ಮೇಲೆ ಯಾರೂ ನಿಲ್ಲಲಿಲ್ಲ. ಕೇರಿಯಲ್ಲಿ ಹುಟ್ಟಿದವರು ಆ ಮಾತಿನ ಮೇಲೆ ನಿಲ್ಲದೆ ಮುಂದಕ್ಕೆ ಹೋಗೋದು ಹ್ಯಾಗೆ ಸಾಧ್ಯ? ಈ ನಾಡಿನಲ್ಲಿ ಬಾವಿ ಯಾವಾಗ ಹೊಲಸಾಗುತ್ತಿತ್ತು? ಎಮ್ಮೆ ಮೈ ತೊಳೆದಾಗ ಅಲ್ಲ, ಎಲೆ ಕೊಳೆತಾಗ ಅಲ್ಲ. ನಾವು ಮುಟ್ಟಿದಾಗ. ಮಾಲಿನ್ಯ ಅನ್ನುವ ಪದ ಗೈಡಿನಲ್ಲಿ ಈಯ, ಪಾದರಸ, ನೈಟ್ರೇಟುಗಳ ಜೊತೆ ಬರುತ್ತದೆ. ನಮ್ಮ ಅವ್ವಂದಿರ ಬಾಯಲ್ಲಿ ಅದರ ಪಕ್ಕದ ಪದ ಮೈಲಿಗೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ಪದ ನಡೆಯುತ್ತದೆ. ಗೈಡು ಬರೆಯುವವನಿಗೆ ಈ ನೆಂಟಸ್ತಿಕೆ ಹೊಳೆಯುವುದಿಲ್ಲ, ಯಾಕಂದ್ರೆ ಅವನ ಬಾವಿಗೆ ಯಾರೂ ಬೇಲಿ ಹಾಕಿರಲಿಲ್ಲ.

ಸಾರ್ವಜನಿಕ ಸಂಸ್ಥೆಗಳು ಹ್ಯಾಗೆ ಕೆಲಸ ಮಾಡುತ್ತವೆ, ಹ್ಯಾಗೆ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೆ ಮಹಾಡ್‌ಗಿಂತ ಒಳ್ಳೆ ಪಾಠ ಯಾವುದಿದೆ? ೧೯೨೩ರಲ್ಲಿ ಮುಂಬಯಿ ಶಾಸನ ಪರಿಷತ್ತು ಬೋಲೆಯವರ ಠರಾವನ್ನು ಒಪ್ಪಿತು: ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ೧೯೨೪ರಲ್ಲಿ ಮಹಾಡಿನ ಪುರಸಭೆ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ತಾನೂ ಠರಾವು ಬರೆಯಿತು. ಶಾಸನ ಸಭೆ ಆಯಿತು, ಸ್ಥಳೀಯ ಸಂಸ್ಥೆ ಆಯಿತು, ಕಾಗದ ಆಯಿತು. ನೀರು ಮಾತ್ರ ಯಾರ ಗಂಟಲಿಗೂ ಇಳಿಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಆಮೇಲೆ ಊರಿನವರು ಕೆರೆಗೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು. ಸಗಣಿ, ಗಂಜಳ ಹಾಕಿ ನೀರು ಸ್ವಚ್ಛ ಮಾಡಿದರಂತೆ! ಅದೇ ವರ್ಷ ಪುರಸಭೆ ತನ್ನ ಠರಾವನ್ನು ಹಿಂದಕ್ಕೆ ತೆಗೆದುಕೊಂಡಿತು. ಕೋರ್ಟಿನ ತೀರ್ಮಾನ ಬರುವ ಹೊತ್ತಿಗೆ ಹತ್ತು ವರ್ಷ ಆಗಿತ್ತು. ೧೯೩೭ರಲ್ಲಿ ಮುಂಬಯಿ ಹೈಕೋರ್ಟು ಅಸ್ಪೃಶ್ಯರ ಕಡೆ ತೀರ್ಪು ಕೊಟ್ಟಿತು.

ಶಾಸಕಾಂಗ, ಸ್ಥಳೀಯ ಸಂಸ್ಥೆ, ನ್ಯಾಯಾಂಗ, ಜನರ ಚಳವಳಿ, ನೀರಿನ ಗುಣಮಟ್ಟ, ಸಾರ್ವಜನಿಕ ಆಸ್ತಿ— ಪರಿಸರ ಆಡಳಿತದ ಎಲ್ಲ ಪಾಠವೂ ಇದರೊಳಗಿದೆ. ಗೈಡು ಇದನ್ನು ಎಲ್ಲಿಡುತ್ತದೆ? ಇತಿಹಾಸದ ಭಾಗದಲ್ಲಿ, 'ಸಮಾಜ ಸುಧಾರಣೆ' ಅನ್ನುವ ತಲೆಬರಹದ ಕೆಳಗೆ ಒಂದು ಸಾಲು. ಇದೇ ಅಂಬೇಡ್ಕರ್ ೧೯೪೨ರಿಂದ ೧೯೪೬ರ ತನಕ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ನೀರಾವರಿ, ವಿದ್ಯುತ್ತಿನ ಹೊಣೆ ಹೊತ್ತವರು. ದಾಮೋದರ ಕಣಿವೆ ಯೋಜನೆ ರೂಪುಗೊಂಡಿದ್ದು ಆಗ. ಇವತ್ತಿನ ಕೇಂದ್ರ ಜಲ ಆಯೋಗದ ಮೂಲವಾದ ಸಂಸ್ಥೆ ೧೯೪೫ರಲ್ಲಿ ಹುಟ್ಟಿದ್ದೂ ಆಗಲೇ. ಜಲ ಆಯೋಗದ ಹೆಸರು ಪರಿಸರದ ಪುಟದಲ್ಲಿದೆ. ಅದರ ಹಿಂದಿನ ಮನುಷ್ಯನನ್ನು 'ದಲಿತ ನಾಯಕ' ಅಂತ ಬೇರೆ ಪುಟದಲ್ಲಿ ಕೂರಿಸಿದ್ದಾರೆ.

೩

ಇನ್ನು ಗೈಡಿನ ಭಾಷೆ. ಅದರ ವಾಕ್ಯ ಸುಮಾರಾಗಿ ಹೀಗಿರುತ್ತದೆ: ತ್ಯಾಜ್ಯವನ್ನು ಸಂಗ್ರಹಿಸಲಾಗುತ್ತದೆ, ವಿಂಗಡಿಸಲಾಗುತ್ತದೆ, ವೈಜ್ಞಾನಿಕವಾಗಿ ವಿಲೇವಾರಿ ಮಾಡಲಾಗುತ್ತದೆ. ಕೊಳಚೆ ನೀರನ್ನು ಶುದ್ಧೀಕರಿಸಲಾಗುತ್ತದೆ. ಇದು ಕರ್ಮಣಿ ಪ್ರಯೋಗ. ಹೈಸ್ಕೂಲಿನ ವ್ಯಾಕರಣ ಮೇಷ್ಟ್ರು ಕರ್ತೃಪದ ಎಲ್ಲಿದೆ ಅಂತ ಕೇಳುತ್ತಿದ್ದರು. ನಾವೂ ಕೇಳೋಣ. ಯಾರು ಸಂಗ್ರಹಿಸುತ್ತಾರೆ? ಯಾರು ಬರಿಗೈಯಲ್ಲಿ ವಿಂಗಡಿಸುತ್ತಾರೆ? ಬೆಳಿಗ್ಗೆ ಐದೂವರೆಗೆ ಪೊರಕೆ ಹಿಡಿದು ನಿಂತ ಹೆಂಗಸು ಯಾವ ಕೇರಿಯವಳು? ಪ್ರಯೋಗ ಕರ್ಮಣಿ ಆದ ಕೂಡಲೆ ಕಾರ್ಮಿಕಳು ಮಾಯ. ಕೆಲಸ ತಾನಾಗಿ ಆಗುತ್ತದೆ, ಸೂರ್ಯ ತಾನಾಗಿ ಹುಟ್ಟುವ ಹಾಗೆ.

ಭಾಷೆಯ ಈ ಕಳ್ಳತನ ಎಲ್ಲಿಗೆ ಮುಟ್ಟುತ್ತದೆ ನೋಡಿ. ೨೦೧೮ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ಘಟನೆ ನಡೆದವು. ಒಂದು, ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ದೇಶಕ್ಕೆಲ್ಲ ಸುದ್ದಿಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಆ ಕೆರೆಗಳ ವಿಚಾರದಲ್ಲಿ ರಾಜ್ಯ ಸರ್ಕಾರಕ್ಕೆ ೫೦ ಕೋಟಿ ರೂಪಾಯಿ ದಂಡ ಹಾಕಿತು. ಇನ್ನೊಂದು, ಆ ಜನವರಿಯಲ್ಲೇ ನಗರದ ಒಂದು ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಕೊಳಚೆ ಕೆರೆಗೆ ಹೋಗಬಾರದು ಅಂತ ಕಟ್ಟಿಸುವ ಘಟಕ ಅದು. ಕೆರೆಯ ಬೆಂಕಿ, ಗುಂಡಿಯ ಸಾವು ಎರಡೂ ಒಂದೇ ಕೊಳಚೆಯ ಎರಡು ತುದಿ. ಆದರೆ ಕೆರೆ ಪರಿಸರದ ನೋಟ್ಸಿಗೆ ಹೋಯಿತು. ಮೂವರು ಯಾವ ನೋಟ್ಸಿಗೂ ಹೋಗಲಿಲ್ಲ. ಭೋಪಾಲವನ್ನೂ ಹೀಗೇ ಕಲಿಯುತ್ತೇವೆ: ಅನಿಲದ ಹೆಸರು ಗೊತ್ತು, ಕಂಪನಿಯ ಹೆಸರು ಗೊತ್ತು, ಆಮೇಲೆ ಬಂದ ಕಾಯ್ದೆಯ ಇಸವಿ ಗೊತ್ತು. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡು ಬದುಕಿದ್ದ ಬಡವರ ಬಸ್ತಿಗಳು ಗೊತ್ತಿಲ್ಲ.

೪

ಈಗ ಮುಖ್ಯ ಮಾತಿಗೆ ಬರೋಣ. ಕೇಂದ್ರ ಸೇವೆಗಳ ಮುಖ್ಯ ಪರೀಕ್ಷೆಯ ಸಿಲಬಸ್ಸು ೨೦೧೩ರಲ್ಲಿ ಬದಲಾದ ಮೇಲೆ ಸಾಮಾನ್ಯ ಅಧ್ಯಯನಕ್ಕೆ ನಾಲ್ಕು ಪೇಪರು. ಪರಿಸರ, ಮಾಲಿನ್ಯ, ಪರಿಸರ ಪರಿಣಾಮದ ಅಂದಾಜು ಇವೆಲ್ಲ ಮೂರನೇ ಪೇಪರು. ದುರ್ಬಲ ವರ್ಗಗಳ ರಕ್ಷಣೆಗೆ ಇರುವ ಕಾನೂನು, ಸಂಸ್ಥೆಗಳು ಎರಡನೇ ಪೇಪರು. ಮೂರನೇ ಪೇಪರು ಊರು. ಎರಡನೇ ಪೇಪರಿನ ಆ ಮೂಲೆ ಕೇರಿ. ನಡುವೆ ಒಂದು ಬಯಲು.

ಇದು ಬರೀ ಅನುಕೂಲಕ್ಕೆ ಮಾಡಿದ ವಿಂಗಡಣೆ, ಇದರಲ್ಲಿ ಜಾತಿ ಯಾಕೆ ಹುಡುಕುತ್ತೀರಿ ಅಂತ ಕೇಳುವವರಿಗೆ ಎರಡು ಕಾಯ್ದೆಗಳ ಕತೆ ಹೇಳುತ್ತೇವೆ. ನೀರು, ನೈರ್ಮಲ್ಯ ಇವು ರಾಜ್ಯಪಟ್ಟಿಯ ವಿಷಯ. ಎರಡು ಅಥವಾ ಹೆಚ್ಚು ರಾಜ್ಯಗಳು ಠರಾವು ಮಾಡಿ ಕೇಳಿಕೊಂಡರೆ ಪಾರ್ಲಿಮೆಂಟು ಅಂಥ ವಿಷಯದ ಮೇಲೂ ಕಾನೂನು ಮಾಡಬಹುದು. ಇದು ೨೫೨ನೇ ವಿಧಿ. ಈ ಬಾಗಿಲಿನಿಂದ ಬಂದದ್ದು ೧೯೭೪ರ ಜಲ ಕಾಯ್ದೆ. ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದೇ ಬಾಗಿಲಿನಿಂದ ಬಂದ ಇನ್ನೊಂದು ಕಾಯ್ದೆ ೧೯೯೩ರದು: ಮಲ ಹೊರಿಸುವುದನ್ನೂ ಒಣ ಪಾಯಿಖಾನೆ ಕಟ್ಟುವುದನ್ನೂ ನಿಷೇಧಿಸುವ ಕಾಯ್ದೆ. ಕೇಳಿಕೊಂಡ ಆರು ರಾಜ್ಯಗಳಲ್ಲಿ ಇಲ್ಲಿಯೂ ಕರ್ನಾಟಕ ಒಂದು. ಆ ಕಾಯ್ದೆಯ ಪೀಠಿಕೆಯಲ್ಲೇ ಮನುಷ್ಯರ ಪರಿಸರವನ್ನು ಕಾಪಾಡಿ ಉತ್ತಮಪಡಿಸುವುದು ತನ್ನ ಉದ್ದೇಶಗಳಲ್ಲಿ ಒಂದು ಅಂತ ಹೇಳಿದೆ. ಅಂದರೆ ಅದು ತಾನೇ ತನ್ನನ್ನು ಪರಿಸರದ ಕಾಯ್ದೆ ಎಂದು ಕರೆದುಕೊಂಡಿದೆ. ಗೈಡಿನ ಪರಿಸರದ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಒಂದೇ ಬಾಗಿಲಿನಿಂದ ಬಂದ ಈ ಎರಡು ಮಕ್ಕಳ ಸಾಕಣೆ ನೋಡಿ. ಜಲ ಕಾಯ್ದೆಗೆ ಕೇಂದ್ರದಲ್ಲಿ ಮಂಡಳಿ, ರಾಜ್ಯದಲ್ಲಿ ಮಂಡಳಿ, ಪ್ರಯೋಗಶಾಲೆ, ಇಂಜಿನಿಯರು, ಜೀಪು. ಕರ್ನಾಟಕದ ಮಂಡಳಿ ೧೯೭೪ರಲ್ಲೇ ಹುಟ್ಟಿತು. ೧೯೯೩ರ ಕಾಯ್ದೆಯನ್ನು ಜಾರಿಗೆ ತರುವುದಕ್ಕೇ ಮೂರು ವರ್ಷದ ಮೇಲೆ ಹಿಡಿಯಿತು. ೧೯೯೭ರ ಜನವರಿ ೨೬ಕ್ಕೆ ಬಂತು. ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ, ದಂಡ ೨,೦೦೦ ರೂಪಾಯಿ. ಮೊಕದ್ದಮೆ ಹೂಡಲು ಅಧಿಕಾರಿಯ ಅನುಮತಿ ಬೇಕು. ಮಲ ಹೊತ್ತವಳು ತಾನೇ ಕೋರ್ಟಿನ ಬಾಗಿಲು ತಟ್ಟುವ ಹಾಗಿಲ್ಲ. ಕೊನೆಗೆ ಸಫಾಯಿ ಕರ್ಮಚಾರಿ ಆಂದೋಲನ ೨೦೦೩ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಹನ್ನೊಂದು ವರ್ಷ ಬಡಿದಾಡಿತು. ೨೦೧೩ರಲ್ಲಿ ಹೊಸ ಕಾಯ್ದೆ ಬಂತು. ೨೦೧೪ರ ಮಾರ್ಚ್ ೨೭ರ ತೀರ್ಪು, ೧೯೯೩ರಿಂದ ಈಚೆಗೆ ಚರಂಡಿ, ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ತಲಾ ೧೦ ಲಕ್ಷ ಕೊಡಿ ಎಂದಿತು. ೨೦೨೩ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಚರಂಡಿ ಸಾವಿನ ಪರಿಹಾರವನ್ನು ೩೦ ಲಕ್ಷಕ್ಕೆ ಏರಿಸಿತು. ೨೦೨೫ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸಬೇಡಿ ಅಂತ ಮತ್ತೆ ಹೇಳಬೇಕಾಯಿತು. ಕಾಯ್ದೆ ಇದ್ದರೂ ಮತ್ತೆ ಮತ್ತೆ ಹೇಳಬೇಕಾಗಿ ಬರುವುದೇ ಆಡಳಿತದ ಪಾಠ ಅಲ್ಲವೆ?

ಇನ್ನೂ ಒಂದು. ಗೈಡುಗಳಿಗೆ 'ಶಾಸನಬದ್ಧ', 'ಶಾಸನಬದ್ಧವಲ್ಲದ' ಅನ್ನುವ ಪಟ್ಟಿ ಬಹಳ ಪ್ರಿಯ. ರಾಷ್ಟ್ರೀಯ ಸಫಾಯಿ ಕರ್ಮಚಾರಿ ಆಯೋಗ ೧೯೯೩ರ ಕಾಯ್ದೆಯಿಂದ ೧೯೯೪ರಲ್ಲಿ ಹುಟ್ಟಿತು. ಆ ಕಾಯ್ದೆಗೆ ಅವಧಿ ಗೊತ್ತುಮಾಡಿದ್ದರು, ಎರಡು ಸಲ ವಿಸ್ತರಿಸಿದರು, ೨೦೦೪ರ ಫೆಬ್ರವರಿ ಕೊನೆಗೆ ಸಾಯಲು ಬಿಟ್ಟರು. ಆಮೇಲೆ ಆಯೋಗ ಸರ್ಕಾರದ ಠರಾವಿನ ಮೇಲೆ ಉಸಿರಾಡಿಕೊಂಡು ಬಂದಿದೆ. ೨೦೧೩ರ ಕಾಯ್ದೆಯ ಜಾರಿಯನ್ನು ನೋಡಿಕೊಳ್ಳುವ ಕೆಲಸವನ್ನು ಮಾತ್ರ ಇದಕ್ಕೇ ಒಪ್ಪಿಸಿದ್ದಾರೆ. ತನಗೇ ಕಾನೂನಿಲ್ಲದ ಆಯೋಗ ಇನ್ನೊಂದು ಕಾನೂನನ್ನು ಕಾಯಬೇಕು! ಇದು ಪ್ರಿಲಿಮ್ಸಿಗೆ ಒಳ್ಳೆ 'ಟ್ರಿಕ್ಕಿ' ಪ್ರಶ್ನೆ. ಸರಿ ಉತ್ತರಕ್ಕೆ ಎರಡು ಅಂಕ. ಮಾಲಿನ್ಯ ಮಂಡಳಿಯ ಕಾಯ್ದೆಗೆ ಯಾರೂ ಅವಧಿ ಹಾಕಲಿಲ್ಲ, ಸಫಾಯಿಯವರ ಆಯೋಗಕ್ಕೆ ಮಾತ್ರ ಯಾಕೆ ಹಾಕಿದರು ಅನ್ನುವ ಪ್ರಶ್ನೆ ಯಾವ ಪೇಪರಿನಲ್ಲೂ ಇಲ್ಲ.

ಒಂದು ತರಬೇತಿ ಕೇಂದ್ರದಲ್ಲಿ ನಮ್ಮ ಗುಂಪಿನ ಗೆಳತಿ ಇದನ್ನು ಎದ್ದು ಕೇಳಿದಳು. 'ಅದು ಪೇಪರ್ ಎರಡು ಕಣಮ್ಮ, ಈಗ ನಡೀತಿರೋದು ಪೇಪರ್ ಮೂರು, ಕೂತ್ಕೋ' ಅಂದರು. ಊರ ಬೀದಿಯಲ್ಲಿ ನಡೆಯುವಾಗ ನಮ್ಮ ತಾತಂದಿರಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ನಿನ್ನ ದಾರಿ ಅದಲ್ಲ, ಇದು.

ನಮ್ಮ ನಾಡಿನ ನೆನಪುಗಳೂ ಈ ಬಯಲಿನಲ್ಲೇ ಕಳೆದುಹೋಗಿವೆ. ಎಪ್ಪತ್ತರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟಿದ್ದು ಕೇಂದ್ರದ ಕಾಯ್ದೆಗಿಂತ ಸುಮಾರು ಎರಡು ದಶಕ ಮೊದಲು. ಗೈಡಿಗೆ ಅವರು ೧೯೭೩ರ ಬೂಸಾ ಗಲಾಟೆಯ ಮಂತ್ರಿ. ಅಷ್ಟೂ ಇದ್ದರೆ ನಮ್ಮ ಪುಣ್ಯ. ೨೦೧೦ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಕಚೇರಿಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ವ್ಯಾಪಾರದ ಮಳಿಗೆ ಕಟ್ಟಲು ಅವರನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು. ನಗರಾಡಳಿತ, ಭೂಮಿ, ನೈರ್ಮಲ್ಯ, ಘನತೆ ಎಲ್ಲವೂ ಆ ಒಂದು ಬೆಳಗಿನಲ್ಲಿತ್ತು. 'ಸ್ಥಳೀಯ ಸಂಸ್ಥೆಗಳ ಹೊಣೆಗಾರಿಕೆ' ಅಂತ ಪ್ರಬಂಧ ಬರೆಯುವ ನಮ್ಮ ಹುಡುಗರಲ್ಲಿ ಸವಣೂರು ಎಷ್ಟು ಜನರಿಗೆ ಗೊತ್ತು?

೫

ಊರ ಚರಂಡಿ ಬಿಟ್ಟು ಕಾಡಿನ ಕಡೆ ಹೋದರೂ ಕತೆ ಇದೇ. ೨೦೨೧ರ ಪ್ರಿಲಿಮ್ಸಿನಲ್ಲಿ ಕೇಳಿದ್ದರು: ಅರಣ್ಯ ಹಕ್ಕು ಕಾಯ್ದೆಯ ಜಾರಿಗೆ ಹೊಣೆಯಾದ ಸಚಿವಾಲಯ ಯಾವುದು? ಪರಿಸರ ಸಚಿವಾಲಯ ಅಂತ ಗುರುತು ಹಾಕಿದವರಿಗೆ ಅಂಕ ಹೋಯಿತು. ಉತ್ತರ ಬುಡಕಟ್ಟು ವ್ಯವಹಾರಗಳ ಸಚಿವಾಲಯ. ಕಾಡು ಒಂದು ಸಚಿವಾಲಯ, ಕಾಡಿನ ಮನುಷ್ಯರು ಇನ್ನೊಂದು ಸಚಿವಾಲಯ. ಸಿಲಬಸ್ಸಿನ ಬಯಲು ದಿಲ್ಲಿಯಲ್ಲೂ ಇದೆ.

ಬಂಡೀಪುರ ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ತಾಣಗಳಲ್ಲಿ ಒಂದು ಅನ್ನುವುದು ನಮಗೆಲ್ಲ ಕಂಠಪಾಠ. ಪಕ್ಕದ ನಾಗರಹೊಳೆಯಿಂದ ಜೇನುಕುರುಬರನ್ನು ಕಾಡು ಉಳಿಸಲೆಂದು ಹೊರಗೆ ಹಾಕುತ್ತಾ ಬಂದ ಸರ್ಕಾರವೇ ಅಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ರೆಸಾರ್ಟಿಗೆ ಜಾಗ ಕೊಟ್ಟಿತ್ತು, ೧೯೯೭ರಲ್ಲಿ ಹೈಕೋರ್ಟು ತಡೆಯಬೇಕಾಯಿತು ಅನ್ನುವುದು ಕಂಠಪಾಠದಲ್ಲಿಲ್ಲ. ೨೦೨೫ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಜೇನುಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿ ತಮ್ಮ ಹಳೇ ನೆಲಕ್ಕೆ ವಾಪಸು ಹೋಗಿ ಗುಡಿಸಲು ಹಾಕಿದವು. ಅವರು ಕಾಯ್ದೆಯನ್ನು ಗೈಡಿನಲ್ಲಿ ಓದಿದವರಲ್ಲ. ಕಾಲಲ್ಲಿ ನಡೆದು ಓದಿದವರು. ೨೦೧೩ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದಾದ ಮೇಲೆ ಒಂದು ಕೂತು ಬಾಕ್ಸೈಟ್ ಗಣಿ ಬೇಡ ಎಂದವು. ಸುಪ್ರೀಂ ಕೋರ್ಟೇ ಆ ಪ್ರಶ್ನೆಯನ್ನು ಗ್ರಾಮಸಭೆಗೆ ಬಿಟ್ಟಿತ್ತು. ಪರಿಸರ ಸಂಸ್ಥೆಗಳ ಪಟ್ಟಿಯಲ್ಲಿ ಗ್ರಾಮಸಭೆಯ ಹೆಸರನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.

ಕಾಡಂಚಿನ ದಲಿತರ ಕಷ್ಟ ಬೇರೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ ೭೫ ವರ್ಷ, ಅಲ್ಲಿದ್ದುದಕ್ಕೆ ಸಾಕ್ಷಿ ಕೊಡಬೇಕು. ಅಕ್ಷರವನ್ನೇ ಮುಟ್ಟಗೊಡದ ಜನರಿಗೆ ೭೫ ವರ್ಷದ ಕಾಗದ ಎಲ್ಲಿಂದ ಬರಬೇಕು? ನಿಯಮಗಳು ಹಿರಿಯರ ಹೇಳಿಕೆಯನ್ನೂ ಬರೆದುಕೊಂಡು ಸಾಕ್ಷಿಯಾಗಿ ಒಪ್ಪಬೇಕು ಅನ್ನುತ್ತವೆ. ಈ ಒಂದು ವಾಕ್ಯ ಗೊತ್ತಿರುವ ತಹಶೀಲ್ದಾರನಿಗೂ ಗೊತ್ತಿಲ್ಲದವನಿಗೂ ಒಂದು ಇಡೀ ಹಟ್ಟಿಯ ವ್ಯತ್ಯಾಸ ಇದೆ.

ಗೋಮಾಳದ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಸುಮಾರು ೩೦,೦೦೦ ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಕಾಗದದ ಕಾರ್ಖಾನೆಗಳಂಥವಕ್ಕೆ ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡಲು ಹೊರಟಿತು. ದನ ಮೇಯಿಸುವ, ಸೌದೆ ಆಯುವ, ಹುಲ್ಲು ಕೊಯ್ಯುವ ಭೂಮಿ ಅದು. ಸ್ವಂತ ಜಮೀನಿಲ್ಲದವರಿಗೆ ಉಳಿದಿದ್ದ ಕೊನೆಯ ನೆಲ. ೧೯೮೭ರ ನವೆಂಬರ್ ೧೪ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ೧೯೯೧ರ ಹೊತ್ತಿಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಪರಿಸರ ಚಳವಳಿ ಎಂದಕೂಡಲೆ ಚಿಪ್ಕೋ, ಅಪ್ಪಿಕೋ ಅಂತ ಬರೆಯುವ ನಮ್ಮ ನೋಟ್ಸುಗಳಲ್ಲಿ ಗಿಡ ತಬ್ಬಿದ್ದು ಇದೆ, ಗಿಡ ಕಿತ್ತಿದ್ದು ಇಲ್ಲ. ಕಾರಣ ಸರಳ. ತಬ್ಬುವುದು ಗೈಡಿಗೆ ಒಗ್ಗುತ್ತದೆ. ಯಾರ ನೆಲ ಅಂತ ಕೇಳಿ ಕೀಳುವುದು ಒಗ್ಗುವುದಿಲ್ಲ.

೬

ಇದನ್ನೆಲ್ಲ ಕನ್ನಡದಲ್ಲಿ ಓದುವವರ ಪಾಡು ಬೇರೆ. ಕೇಂದ್ರದ ಮುಖ್ಯ ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಪ್ರಶ್ನೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ. ನಮ್ಮದೇ ರಾಜ್ಯದಲ್ಲಿ ೨೦೨೪ರ ಆಗಸ್ಟ್ ೨೭ರ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಇಂಗ್ಲಿಷಿನಿಂದ ಎಷ್ಟು ಕೆಟ್ಟದಾಗಿ ಅನುವಾದವಾಗಿದ್ದವೆಂದರೆ ಸರ್ಕಾರವೇ ಮರುಪರೀಕ್ಷೆಗೆ ಹೇಳಿತು. ಡಿಸೆಂಬರ್ ೨೯ರ ಮರುಪರೀಕ್ಷೆಯಲ್ಲೂ ತಪ್ಪುಗಳು ಬಂದವು. ಕನ್ನಡ ಮಾಧ್ಯಮದಲ್ಲಿ ಓದಿದ ಕೂಲಿಕಾರರ ಮಕ್ಕಳು ಬೀದಿಗಿಳಿದು ಕೂಗಿದರು. ಇದು ಭಾಷಾಭಿಮಾನದ ವಿಷಯ ಅಲ್ಲ, ವರ್ಗದ ವಿಷಯ. ೨೦೨೦ರಲ್ಲಿ ಪರಿಸರ ಪರಿಣಾಮದ ಹೊಸ ಅಧಿಸೂಚನೆಯ ಕರಡನ್ನು ಜನರ ಅಭಿಪ್ರಾಯಕ್ಕೆ ಬಿಟ್ಟಾಗ ಅದೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇತ್ತು. ದಿಲ್ಲಿ ಹೈಕೋರ್ಟು ೨೨ ಭಾಷೆಗಳಿಗೂ ತರ್ಜುಮೆ ಮಾಡಿಸಿ ಎನ್ನಬೇಕಾಯಿತು. ಅಣೆಕಟ್ಟಿನಲ್ಲಿ ಮುಳುಗುವವನಿಗೂ ಪರೀಕ್ಷೆಯಲ್ಲಿ ಮುಳುಗುವವನಿಗೂ ಕಾಗದ ಒಂದೇ ಭಾಷೆಯಲ್ಲಿ ಬರುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ಸಂಗಾತಿಗಳು ಅನ್ನಬಹುದು: ಹಾಗಾದರೆ ಈ ಪರೀಕ್ಷೆ ಯಾಕೆ ಬೇಕು, ವ್ಯವಸ್ಥೆಯ ಗುಮಾಸ್ತರಾಗುವುದು ಬಿಟ್ಟು ಚಳವಳಿಗೆ ಬನ್ನಿ ಅಂತ. ಮೀಸಲಾತಿಗಾಗಿ ತಲೆಮಾರುಗಳು ಬಡಿದಾಡಿದ್ದು ಕುರ್ಚಿಯನ್ನು ಖಾಲಿ ಬಿಡುವುದಕ್ಕಲ್ಲ. ಇನ್ನು ಕೆಲವರು ಅನ್ನಬಹುದು: ಮೊದಲು ಪಾಸಾಗಿ, ಪ್ರಶ್ನೆ ಆಮೇಲೆ ಕೇಳಿ. ಈ ಮಾತು ಇನ್ನೂ ಅಪಾಯ. ಐದಾರು ವರ್ಷ ಕರ್ತೃಪದ ಇಲ್ಲದ ವಾಕ್ಯಗಳನ್ನೇ ಬಾಯಿಪಾಠ ಮಾಡಿದವರಿಗೆ ಆಮೇಲೆ ಫೈಲಿನಲ್ಲೂ ಮನುಷ್ಯರು ಕಾಣುವುದಿಲ್ಲ. ಬಗರ್ ಹುಕುಂ ಸಾಗುವಳಿಯನ್ನು 'ಒತ್ತುವರಿ' ಅಂತ ಬರೆದು ಎಬ್ಬಿಸಿದ ಆದೇಶದ ಕೆಳಗೆ ನಮ್ಮದೇ ಕೇರಿಯ ಹುಡುಗನ ಸಹಿ ಇರುವುದನ್ನು ನಾವು ನೋಡಿದ್ದೇವೆ. ಅವನು ಕೆಟ್ಟವನಲ್ಲ. ಅವನಿಗೆ ಆ ಪದ ಬಿಟ್ಟು ಬೇರೆ ಪದ ಕಲಿಸಿರಲಿಲ್ಲ.

ಆದ್ದರಿಂದ ನಮ್ಮ ಓದು ಎರಡು ಪುಸ್ತಕದಲ್ಲಿ ನಡೆಯಬೇಕು. ಒಂದು ಗೈಡು. ಇನ್ನೊಂದು ನಾವೇ ಬರೆದುಕೊಳ್ಳುವ ನೋಟ್ ಪುಸ್ತಕ. ಗೈಡಿನ ಪ್ರತಿ ಸಂಸ್ಥೆಯ ಎದುರು ಅದರಲ್ಲಿ ಮೂರು ಪ್ರಶ್ನೆ ಬರೆಯಿರಿ. ಇದರ ಮುಂದೆ ದೂರು ಕೊಡಲು ಯಾರಿಗೆ ಹಕ್ಕಿದೆ? ಇದರ ಕೆಲಸವನ್ನು ಕೈಯಿಂದ ಮಾಡುವವರು ಯಾರು? ಇದು ಕೆಲಸ ಮಾಡದಿದ್ದರೆ ಸಾಯುವವರು ಯಾರು? ಕರ್ಮಣಿ ವಾಕ್ಯ ಸಿಕ್ಕಾಗಲೆಲ್ಲ ಅದನ್ನು ಕರ್ತರಿಗೆ ತಿರುಗಿಸಿ ಬರೆಯಿರಿ. ಇದರಿಂದ ಅಂಕ ಹೋಗುತ್ತದೆ ಅನ್ನುವ ಭಯ ಬೇಡ. ನಗರದ ಕೊಳಚೆಯ ಬಗ್ಗೆ ಮೂರನೇ ಪೇಪರಿನಲ್ಲಿ ಉತ್ತರ ಬರೆಯುವಾಗ ೨೦೧೩ರ ಕಾಯ್ದೆಯನ್ನೂ ೨೦೧೪ರ ತೀರ್ಪನ್ನೂ ಸೇರಿಸಿದ ಉತ್ತರ ಸೇರಿಸದ ಉತ್ತರಕ್ಕಿಂತ ತಿಳಿವಳಿಕೆಯದು. ಪರೀಕ್ಷಕ ಒಪ್ಪದಿದ್ದರೂ ಅದು ನಿಜ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಗೆಳೆಯರಿಗೆ ಒಂದು ಕೆಲಸ ಒಪ್ಪಿಸುತ್ತೇವೆ. ೨೦೧೩ರ ಕಾಯ್ದೆಯ ಪ್ರಕಾರ ಪುರಸಭೆ, ನಗರಸಭೆಗಳು ಮಲ ಬಾಚುವವರ ಸಮೀಕ್ಷೆ ಮಾಡಿ ಪಟ್ಟಿ ಪ್ರಕಟಿಸಬೇಕು. ಹಳ್ಳಿಗಳಲ್ಲಿ ಆ ಹೊಣೆ ಪಂಚಾಯಿತಿಯದು. ನಿಮ್ಮ ಊರಿನ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಸಮೀಕ್ಷೆ ಯಾವಾಗ ಆಯಿತು, ಎಷ್ಟು ಹೆಸರು ಬಂತು, ಎಷ್ಟು ಜನರಿಗೆ ಪುನರ್ವಸತಿ ಸಿಕ್ಕಿತು, ಗುಂಡಿ ಸ್ವಚ್ಛ ಮಾಡಲು ಯಾವ ಯಂತ್ರ ಇದೆ ಅಂತ ಕೇಳಿ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಕೈಯಲ್ಲೇ ಆ ಅರ್ಜಿ ಬರೆಸಿ. 'ಸಮೀಕ್ಷೆ ಆಗಿಲ್ಲ', 'ಅಂಥವರು ನಮ್ಮಲ್ಲಿ ಇಲ್ಲ' ಅಂತ ಉತ್ತರ ಬಂದರೂ ಅದನ್ನು ಇಟ್ಟುಕೊಳ್ಳಿ. ನಿಮ್ಮ ಊರಲ್ಲಿ ಗುಂಡಿಗೆ ಇಳಿಯುವವರು ಯಾರು ಅಂತ ನಿಮಗೆ ಗೊತ್ತಿದೆ. ಬಂದ ಉತ್ತರದ ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿ. ತಾಲ್ಲೂಕುವಾರು ಜೋಡಿಸಿ ಅಚ್ಚು ಹಾಕುತ್ತೇವೆ. ಮುಂದಿನ ವರ್ಷ ಪರೀಕ್ಷೆಗೆ ಕೂರುವವರು ಅದನ್ನೂ ಓದಿಕೊಂಡು ಹೋಗಲಿ.